ಇಲ್ಲದ ಲೀಕು

ನಮ್ಮ ಬೇಸ್‌ಮೆಂಟಿನ ಕಿಟಕಿ ಹೊರಗಿನ ನೆಲದ ಮಟ್ಟಕ್ಕಿದೆ. ಚಳಿಗಾಲದಲ್ಲಿ ಹಿಮ ಬಂದು ಅರ್ಧ ಗಾಜಿನವರೆಗೆ ಕೂತರೆ ಒಳಗಿನ ಬೆಳಕು ನೀರು ಬೆರೆಸಿದ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಬೆಳಕಿನಲ್ಲಿ ನನ್ನ ಮಾವನವರು ಕಣ್ಣು ಮುಚ್ಚಿ, ಗ್ಯಾಸ್ ಸಿಲಿಂಡರಿನ ಕುತ್ತಿಗೆಗೆ ಕಿವಿಯಿಟ್ಟು ಕೂತಿದ್ದ ಚಿತ್ರ ಈಗಲೂ ಕಣ್ಣೆದುರಿಗೆ ಬರುತ್ತದೆ. ಅವರು ಹುಡುಕುತ್ತಿದ್ದ ಸದ್ದು ಅಲ್ಲಿರಲಿಲ್ಲ. ಇರಲಿಲ್ಲವೆಂದು ಖಚಿತವಾಗಿ ಗೊತ್ತಿದ್ದವಳು ನಾನು.

ದೇಶ ಬಿಟ್ಟು ಬಂದು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಮನೆ ಮಾಡಿದ ಮೇಲೆ ನನಗೆ ಬಿಯರ್ ಮಾಡುವ ಹುಚ್ಚು ಹಿಡಿಯಿತು. ದಿನವಿಡೀ ಪರದೆ ನೋಡುವ ಕೆಲಸ ನನ್ನದು. ಸಂಜೆಯಾದರೂ ಕೈ ಒದ್ದೆಯಾಗುವ, ಮೂಗಿಗೆ ವಾಸನೆ ಬಡಿಯುವ ಏನಾದರೊಂದು ಬೇಕೆನಿಸುತ್ತಿತ್ತು. ಗಂಡ ಇದರಲ್ಲಿ ಕುಡಿಯುವ ಹಂತಕ್ಕೆ ಮಾತ್ರ ಪಾಲುದಾರ. ಬಾಟಲಿ ತೊಳೆದು ತೊಳೆದು ಸಾಕಾಗಿ ಸ್ಟೀಲಿನ ಕೆಗ್ ತಂದೆ. ಹಾಲಿನ ಕ್ಯಾನಿನಂಥ ಆ ಪಾತ್ರೆಗೆ ಬಿಯರ್ ತುಂಬಿ, ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಆಯಿತು, ಗುಳ್ಳೆ ತಾನಾಗಿ ಏಳುತ್ತದೆ.

ಅತ್ತೆ ನಾದಿನಿಯ ಬಾಣಂತನಕ್ಕೆಂದು ಹಾಸನದಲ್ಲಿ ಉಳಿದರು, ಮಾವ ಒಬ್ಬರೇ ಆರು ತಿಂಗಳಿಗೆ ಇಲ್ಲಿಗೆ ಬಂದರು. ಬೆಳಿಗ್ಗೆ ಸಂಧ್ಯಾವಂದನೆ ಮಾಡುವ ಮನುಷ್ಯ, ನನ್ನನ್ನು ಸೊಸೆ ಎಂದು ಯಾರಿಗೂ ಪರಿಚಯಿಸದೆ ಮಗಳು ಎನ್ನುವ ಮನುಷ್ಯ. ಅವರ ಕಣ್ಣಲ್ಲಿ ಸಣ್ಣವಳಾಗಲು ನನಗೆ ಇಷ್ಟವಿರಲಿಲ್ಲ. ಬಿಯರ್ ಕೆಗ್ಗನ್ನು ಗರಾಜಿನ ಹಳೆಯ ಫ್ರಿಜ್ಜಿಗೆ ಸಾಗಿಸಿದೆ. ಸಿಲಿಂಡರ್ ಮಾತ್ರ ಬೇಸ್‌ಮೆಂಟಿನಲ್ಲೇ ಉಳಿದುಬಿಟ್ಟಿತು. ಎರಡನೆಯ ದಿನವೇ ಸೂಟ್‌ಕೇಸ್ ಇಡಲು ಕೆಳಗಿಳಿದ ಮಾವ ಅದನ್ನು ನೋಡಿದರು.

"ಇದೇನಮ್ಮ, ಗ್ಯಾಸು?"

"ಸೋಡಾ ಮಾಡೋಕೆ ಮಾವ," ಎಂದೆ. ಬಾಯಿಗೆ ಬಂದದ್ದು ಅದೇ.

ಪ್ರಪಂಚದಲ್ಲಿ ಬೇರೆ ಯಾರಿಗೆ ಬೇಕಾದರೂ ಆ ಸುಳ್ಳು ಹೇಳಬಹುದಿತ್ತು. ನನ್ನ ಮಾವ ಮೂವತ್ತು ವರ್ಷ ಗೋಲಿ ಸೋಡಾ ಫ್ಯಾಕ್ಟರಿ ನಡೆಸಿದವರು! ಫ್ಯಾಕ್ಟರಿ ಎಂದರೆ ತಗಡಿನ ಶೆಡ್ಡು, ಕೈಯಲ್ಲಿ ತಿರುಗಿಸುವ ಒಂದು ಮೆಷಿನ್ನು. ಬಾಟಲಿಗಳು ತಿರುಗುವಾಗ ಯಾವುದು ಸಿಡಿಯುತ್ತದೆಂದು ಅವರಿಗೆ ಸದ್ದಿನಲ್ಲೇ ತಿಳಿಯುತ್ತಿತ್ತಂತೆ. ಮದುವೆಯ ಹೊಸತರಲ್ಲಿ ಗಂಡ ಅದನ್ನು ಹೇಳಿದ್ದ. ನಾನು ಮರೆತಿದ್ದೆ. ಮಾವನ ಮುಖ ಅರಳಿದ್ದು ನೋಡಿ ನೆನಪಾಯಿತು, ಆದರೆ ಆಗ ತಡವಾಗಿತ್ತು.

ಮರುದಿನವೇ ಸೋಡಾ ಮಾಡುವ ಸಡಗರ. ಸಿಲಿಂಡರಿನಲ್ಲಿ ಗ್ಯಾಸ್ ಇರಲಿಲ್ಲ. ವೆಲ್ಡಿಂಗ್ ಗ್ಯಾಸ್ ಮಾರುವ ಅಂಗಡಿಗೆ ಇಬ್ಬರೂ ಹೋದೆವು. ಅಲ್ಲಿ ನಮ್ಮದೇ ಸಿಲಿಂಡರನ್ನು ತುಂಬಿಸಿ ಕೊಡುವುದಿಲ್ಲ. ಖಾಲಿಯದನ್ನು ಕೊಟ್ಟು ತುಂಬಿದ ಬೇರೊಂದನ್ನು ತರಬೇಕು. ನಾನು ಯಾವಾಗಲೂ ಅವರು ಕೊಟ್ಟದ್ದನ್ನು ಎತ್ತಿಕೊಂಡು ಬರುತ್ತಿದ್ದೆ. ಮಾವ ಸಾಲಿನ ಮುಂದೆ ಕೈ ಹಿಂದೆ ಕಟ್ಟಿ ನಿಂತರು. ಒಂದೊಂದರ ಹೆಗಲ ಮೇಲೆ ಕೆತ್ತಿದ ಪರೀಕ್ಷೆಯ ತಾರೀಖು ನನ್ನಿಂದ ಓದಿಸಿದರು, ಉಂಗುರದ ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ದೊಡ್ಡದೊಂದರ ಮೇಲೆ ನನ್ನ ಕಣ್ಣಿತ್ತು.

"ಬೇಡಮ್ಮ. ನೀನು ಒಬ್ಬಳೇ ಎತ್ತೋಕಾಗದ ಸಿಲಿಂಡರ್ ಮನೇಲಿಟ್ಕೋಬಾರದು. ಬಿದ್ದು ಕುತ್ತಿಗೆ ಮುರೀತು ಅಂದ್ರೆ ಗೋಡೆ ತೂತು ಮಾಡ್ಕೊಂಡು ಹೋಗುತ್ತೆ."

ಕೊನೆಗೆ ಬಣ್ಣ ಕಿತ್ತ ಒಂದು ಸಣ್ಣ ಸಿಲಿಂಡರನ್ನು ಆರಿಸಿದರು. ಅಂಗಡಿಯವನು ನಕ್ಕು ಹೆಬ್ಬೆರಳು ಎತ್ತಿ ತೋರಿಸಿದ. ಕಾರಿನಲ್ಲಿ ಅದಕ್ಕೂ ಸೀಟ್ ಬೆಲ್ಟ್ ಕಟ್ಟಿಸಿದರು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಆದರೂ ಗ್ಯಾಸ್ ಸೋರಿದರೆ ನಿದ್ದೆ ಬಂದ ಹಾಗೆ ಜೀವ ಹೋಗುತ್ತದೆ ಎಂದು ದಾರಿಯುದ್ದಕ್ಕೂ ಕಿಟಕಿ ಇಳಿಸಿಯೇ ಕೂತರು. ನಾನು ಹಲ್ಲು ಕಡಕಡ ಎನ್ನಿಸುತ್ತ ಡ್ರೈವ್ ಮಾಡಿದೆ. ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡ ಮಾವ, ಹಿಂದೆ ಸಿಲಿಂಡರು, ಹೊರಗೆ ಬೂದು ಬಣ್ಣದ ಹೈವೇ. ನನ್ನ ಅಪ್ಪನ ಜೊತೆಗೂ ನಾನು ಅಷ್ಟು ಸುಖವಾಗಿ ಎಲ್ಲಿಗೂ ಹೋಗಿರಲಿಲ್ಲ.

ಆಮೇಲಿನ ದಿನಗಳು ನಿದ್ದೆಯ ಅಂಚಿನಲ್ಲಿ ನಡೆದಂತೆ ನಡೆದವು. ಖಾಲಿ ಇದ್ದ ಇನ್ನೊಂದು ಕೆಗ್ಗಿನಲ್ಲಿ ಶುಂಠಿ ಸೋಡಾ, ನಿಂಬೆ ಸೋಡಾ, ಉಪ್ಪು ಹಾಕಿದ ಬರೀ ಸೋಡಾ. ಬೇಸ್‌ಮೆಂಟಿನಲ್ಲಿ ಇಬ್ಬರೂ ಮಾತಿಲ್ಲದೆ ಲೋಟ ಹಿಡಿದು ಗುಳ್ಳೆ ಏಳುವುದನ್ನು ನೋಡುತ್ತ ಕೂರುತ್ತಿದ್ದೆವು. ಶನಿವಾರ ಬಂದ ಸ್ನೇಹಿತರ ಮುಂದೆ ಮಾವನೇ ಹೀರೋ. ಅವರು ಎಲ್ಲರಿಗೂ ಹೇಳುತ್ತಿದ್ದ ಪಾಠ ಒಂದೇ: "ಮೀಟರಿನ ಮುಳ್ಳು ನಂಬಬೇಡಿ." ಸಿಲಿಂಡರಿನೊಳಗೆ ಗ್ಯಾಸ್ ದ್ರವವಾಗಿರುತ್ತದೆ. ಅದರ ಕೊನೆಯ ಹನಿ ಇರುವ ತನಕ ಮುಳ್ಳು ಒಂದೇ ಕಡೆ ನಿಂತಿರುತ್ತದೆ, ಆಮೇಲೆ ಒಮ್ಮೆಲೇ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ತೂಗಬೇಕು. ವಿಮಾನದ ಸೂಟ್‌ಕೇಸ್ ತೂಗಲು ತಂದಿದ್ದ ಕೊಕ್ಕೆಯ ತಕ್ಕಡಿಗೆ ಸಿಲಿಂಡರನ್ನು ನೇತುಹಾಕಿ ಅವರು ದಿನವೂ ತೂಗುತ್ತಿದ್ದರು.

ಬಿಯರ್ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಮಾವ ಬೇರೆ ಅಂಕಲ್‌ಗಳ ಜೊತೆ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದರು. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ನಾನು ಆ ಹೊತ್ತಿಗೆ ಸಿಲಿಂಡರನ್ನು ಗರಾಜಿಗೆ ಒಯ್ದು, ಕೆಗ್ಗಿಗೆ ಜೋಡಿಸಿ, ಕೆಗ್ಗನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ತೊಟ್ಟಿಲಂತೆ ತೂಗುತ್ತಿದ್ದೆ. ಹಾಗೆ ತೂಗಿದರೆ ತಣ್ಣನೆಯ ಬಿಯರ್ ಗ್ಯಾಸನ್ನು ಬೇಗ ಕುಡಿಯುತ್ತದೆ. ಒಳಗಿನಿಂದ ಗುಳುಗುಳು ಸದ್ದು, ಬಾಗಿಲ ಸಂದಿಯಿಂದ ಹಳದಿ ಬಿಸಿಲು, ಅರ್ಧ ಮುಚ್ಚಿದ ನನ್ನ ಕಣ್ಣು. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನೇ. ಐದಕ್ಕೆ ಮೊದಲು ಸಿಲಿಂಡರ್ ತನ್ನ ಜಾಗದಲ್ಲಿರುತ್ತಿತ್ತು.

ಜಾಗದಲ್ಲಿ ಇರುತ್ತಿತ್ತು, ತೂಕದಲ್ಲಿ ಇರುತ್ತಿರಲಿಲ್ಲ.

"ನಾವು ಕುಡಿದ ಸೋಡಾಗೆ ಇಷ್ಟೊಂದು ಗ್ಯಾಸ್ ಹೋಗಲ್ಲಮ್ಮ. ಎಲ್ಲೋ ಲೀಕ್ ಇದೆ," ಎಂದರು ಮಾವ ಒಂದು ಬೆಳಿಗ್ಗೆ. ಬಟ್ಟೆ ಸೋಪಿನ ನೊರೆ ಮಾಡಿ, ತಮ್ಮ ಶೇವಿಂಗ್ ಬ್ರಷ್ಷಿನಿಂದ ಪ್ರತಿ ಸಂದಿಗೂ ಹಚ್ಚಿದರು. ಸೋರುತ್ತಿದ್ದರೆ ನೊರೆ ಉಬ್ಬಬೇಕು. ಉಬ್ಬಲಿಲ್ಲ. ಮರುದಿನ ಮತ್ತೆ ಹಚ್ಚಿದರು. ರೆಗ್ಯುಲೇಟರ್ ಬಿಚ್ಚಿ ವಾಷರ್ ಬದಲಾಯಿಸಿದರು. ಆಮೇಲೆ ಕಿವಿಯಿಟ್ಟು ಕೂರಲು ಶುರುಮಾಡಿದರು. ಒಂದು ದಿನ ತಲೆ ಎತ್ತಿ ಕೇಳಿದರು:

"ನಂಗೇನೂ ಕೇಳ್ತಿಲ್ಲ. ನೀನೊಂದ್ಸಲ ನೋಡಮ್ಮ. ಸ್ಸ್ ಅಂತ ಏನಾದ್ರೂ ಕೇಳ್ಸುತ್ತಾ?"

ನಾನು ಬಗ್ಗಿ ಕಿವಿಯಿಟ್ಟೆ. ತಣ್ಣನೆಯ ಲೋಹ, ಅಷ್ಟೇ. ಲೀಕ್ ಇಲ್ಲ ಎಂದರೆ ಗ್ಯಾಸ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಏಳುತ್ತದೆ.

"ಸಣ್ಣಗೆ ಕೇಳ್ಸಿದ ಹಾಗಿದೆ ಮಾವ," ಎಂದೆ.

ಅವರು ನನ್ನನ್ನು ನಂಬಿದರು. ತಮ್ಮ ಕಿವಿಯನ್ನು ಬಿಟ್ಟು ನನ್ನನ್ನು ನಂಬಿದರು.

ಅಲ್ಲಿಂದ ಮನುಷ್ಯ ಕುಗ್ಗುತ್ತ ಹೋದರು. ಟಿವಿಯ ಸದ್ದು ದಿನಕ್ಕಿಷ್ಟು ಏರಿತು. ಊಟಕ್ಕೆ ಕರೆದರೆ, "ಆಗ್ಲೇ ಕರೆದಿದ್ಯೇನಮ್ಮ? ಕೇಳ್ಸಲಿಲ್ಲ," ಎಂದು ಕ್ಷಮೆ ಕೇಳುವವರಂತೆ ಎದ್ದು ಬರುತ್ತಿದ್ದರು. ನಾನು ಕರೆದಿದ್ದು ಅದೇ ಮೊದಲ ಸಲವಾಗಿರುತ್ತಿತ್ತು. ವಾಕಿಂಗ್ ನಿಲ್ಲಿಸಿದರು, ಹಿಂದಿನಿಂದ ಬರುವ ಕಾರು ಗೊತ್ತಾಗುವುದಿಲ್ಲ ಎಂಬ ಹೆದರಿಕೆ. ಅವರು ಮನೆಯಲ್ಲೇ ಉಳಿದದ್ದರಿಂದ ನನ್ನ ಗರಾಜಿನ ಕೆಲಸವೂ ನಿಂತಿತು, ಸಿಲಿಂಡರಿನ ತೂಕ ಇಳಿಯುವುದೂ ನಿಂತಿತು. ಲೀಕ್ ತಾನಾಗಿ ಹೇಗೆ ಸರಿಹೋಯಿತು ಎಂಬುದೇ ಅವರಿಗೆ ಇನ್ನೊಂದು ಚಿಂತೆ.

ಒಂದು ಭಾನುವಾರ ಬೆಳಿಗ್ಗೆ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಕೆಳಗೆ ಮಾವ ಅತ್ತೆಯ ಜೊತೆ ಫೋನಿನಲ್ಲಿದ್ದರು.

"ನನ್ ಕಿವಿ ಹೋಯ್ತು ಕಣೇ. ಬೇರೆ ಏನ್ ಹೋಗಿದ್ರೂ ಪರವಾಗಿರ್ಲಿಲ್ಲ. ಅವಳಿಗೆ ಕೇಳ್ಸೋದು ನಂಗೆ ಕೇಳ್ಸಲ್ಲ. ಮಗನಿಗೆ ಹೇಳ್ಬೇಡ, ಇಲ್ಲಿ ಡಾಕ್ಟ್ರು ಅಂದ್ರೆ ಸುಮ್ನೆ ತೊಂದ್ರೆ."

ನಾನು ಮೆಟ್ಟಿಲ ಮೇಲೇ ನಿಂತೆ. ಬುಟ್ಟಿ ಇಟ್ಟೆ. ಅವರು ಫೋನ್ ಇಡುವ ತನಕ ಕಾದು ಎದುರಿಗೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಬಿಯರ್ ಮಾಡುತ್ತೇನೆ, ಗರಾಜಿನಲ್ಲಿದೆ, ಗ್ಯಾಸ್ ಅದಕ್ಕೆ ಹೋಯಿತು, ಲೀಕ್ ಯಾವತ್ತೂ ಇರಲಿಲ್ಲ. ಹೇಳುವಾಗ ಅಳು ಬಂತು. ಅವರು ಬೈಯಲಿ ಎಂದು ನಿಜವಾಗಿ ಆಸೆಯಾಯಿತು.

ಮಾವ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಮುಖದ ಮೇಲೆ ನಗು ಬಂತು, ಮಗು ನಕ್ಕಂಥ ನಗು.

"ಹಾಗಾದ್ರೆ ನನ್ ಕಿವಿ ಸರಿಯಾಗಿದೆ?"

"ಸರಿಯಾಗಿದೆ ಮಾವ."

"ನನ್ ಲೆಕ್ಕಾನೂ ಸರಿಯಾಗಿತ್ತು. ಅಷ್ಟು ಸೋಡಾಗೆ ಅಷ್ಟು ಗ್ಯಾಸ್ ಹೋಗಲ್ಲ." ಎದ್ದು ಕಿಟಕಿಯ ತನಕ ನಡೆದು ವಾಪಸ್ ಬಂದರು. "ಬಿಯರ್‌ಗೆ ಯಾಕಮ್ಮ ಇಷ್ಟು ಹೆದರ್ಕೊಂಡೆ? ನನ್ ಸೋಡಾ ಅರ್ಧಕ್ಕರ್ಧ ಬ್ರಾಂಡಿ ಅಂಗಡಿಗೇ ಹೋಗ್ತಿತ್ತು. ನೀವು ಮಾಡ್ಕೊಂಡು ಕುಡೀರಿ, ನಂಗೇನು?"

ನಾನು ಕಣ್ಣೊರೆಸಿಕೊಂಡು ನಗಲು ಹೊರಟೆ. ಅಷ್ಟರಲ್ಲಿ ಅವರಿಗೆ ಏನೋ ನೆನಪಾದಂತಾಯಿತು. ನಗು ಹಾಗೇ ನಿಂತಿತು.

"ಮತ್ತೆ, ಅವತ್ತು ಕಿವಿ ಇಟ್ಟು, ಕೇಳ್ಸಿದ ಹಾಗಿದೆ ಅಂದ್ಯಲ್ಲಮ್ಮ?"

ನಾನು ಮೆಟ್ಟಿಲ ಮೇಲಿಟ್ಟ ಬುಟ್ಟಿ ತರಲು ತಿರುಗಿದೆ. ಅವರು ಎರಡನೆಯ ಸಲ ಕೇಳಲಿಲ್ಲ.

ಸಂಜೆ ಟಿವಿಯ ಸದ್ದು ಮೊದಲಿನಷ್ಟಕ್ಕೆ ಇಳಿಯಿತು, ಮರುದಿನ ವಾಕಿಂಗ್ ಶುರುವಾಯಿತು. ಬಿಯರ್ ಕೆಗ್ಗು ಸೋಡಾ ಕೆಗ್ಗಿನ ಪಕ್ಕಕ್ಕೇ ಬಂತು. ಎರಡಕ್ಕೂ ಒಂದೇ ಸಿಲಿಂಡರಿನಿಂದ ಗ್ಯಾಸ್ ಹೇಗೆ ಕೊಡಬೇಕೆಂದು ಮಾವನೇ ತೋರಿಸಿಕೊಟ್ಟರು. ಹೊರಡುವ ತನಕ ನನ್ನನ್ನು ಮಗಳೆಂದೇ ಕರೆದರು. ಪ್ರೀತಿಯಲ್ಲಿ ಏನೂ ಕಡಿಮೆಯಾಗಲಿಲ್ಲ. ಆದರೆ ಬೆಳಿಗ್ಗೆ ಕಾಫಿಯ ಹೊತ್ತಿಗೆ, "ಹಾಲು ಬಿಸಿ ಇದ್ಯೇನಮ್ಮ?" ಎಂದು ಕೇಳುತ್ತಿದ್ದರು. "ಬಿಸಿ ಇದೆ ಮಾವ," ಎನ್ನುತ್ತಿದ್ದೆ. ಅವರು ತಲೆಯಾಡಿಸಿ, ಪಾತ್ರೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರು.