ಅಜ್ಜ ಅರ್ಧಕ್ಕೆ ನಿಲ್ಲಿಸಿದ ಕಥೆ

ಕಾದ ಉಕ್ಕಿನ ಮೇಲೆ ಅದನ್ನು ತಂಪಾಗಿಸುವ ಹಾಲಿನಂಥ ಕೂಲಂಟ್ ಬಿದ್ದು ಹೊಗೆಯೇಳುವಾಗ ಒಂದು ವಾಸನೆ ಬರುತ್ತದೆ. ಎಣ್ಣೆಯ ಜಿಗುಟು, ಕಬ್ಬಿಣದ ಕಹಿ, ಎರಡೂ ಸೇರಿ ಮೂಗಿನ ಒಳಗೆ ಅಂಟಿಕೊಳ್ಳುವಂಥದ್ದು. ಘಣಸೋಲಿಯಲ್ಲಿ ನನ್ನದೇ ಸಣ್ಣ ವರ್ಕ್‌ಶಾಪ್ ಇದೆ. ಬೆಳಿಗ್ಗೆ ಮೊದಲ ಮಶೀನು ತಿರುಗಿದ ಕೂಡಲೇ ಆ ವಾಸನೆ ಏಳುತ್ತದೆ, ನಾನು ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತೇನೆ. ಹುಡುಗರು ಸೇಠ್ ದೇವರನ್ನು ನೆನೆಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಾನು ನೆನೆಸುವುದು ಠಾಣೆ ಶಹರದ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿದ್ದ ನಮ್ಮ ಮನೆಯನ್ನು. ಸಂಜೆ ಅಪ್ಪ ಮತ್ತು ದೊಡ್ಡಪ್ಪ ಅದೇ ವಾಸನೆ ಹೊತ್ತು ಒಟ್ಟಿಗೆ ಬಾಗಿಲು ದಾಟುತ್ತಿದ್ದರು. ಒಂದೇ ವರ್ಕ್‌ಶಾಪಿನಲ್ಲಿ ಇಬ್ಬರೂ ಲೇತ್ ಮಶೀನು ನಡೆಸುತ್ತಿದ್ದವರು. ಕತ್ತಲಲ್ಲಿ ನನಗೆ ಯಾರು ಯಾರು ಎಂದು ತಿಳಿಯುತ್ತಿರಲಿಲ್ಲ. ನನ್ನನ್ನು ಎತ್ತಿ ಅಟ್ಟದ ಮೇಲೆ ಕೂರಿಸಿದರೆ ದೊಡ್ಡಪ್ಪ, ಪುಸ್ತಕ ಎಲ್ಲಿ ಎಂದು ಕೇಳಿದರೆ ಅಪ್ಪ. ಒಂದು ಕೋಣೆ, ಒಂದು ಅಡಿಗೆಮನೆ. ಅಮ್ಮ ಮತ್ತು ದೊಡ್ಡಮ್ಮ ಒಂದೇ ಒಲೆಯ ಎರಡು ಬದಿಯಲ್ಲಿ ಕೂತು ನಗುತ್ತಿದ್ದರು. ಕಿಟಕಿಯ ಪಕ್ಕದ ಮಂಚದಲ್ಲಿ ಅಜ್ಜ.

ನಾವು ಉಡುಪಿ ಕಡೆಯ ಕ್ರೈಸ್ತರು. ನಮ್ಮ ಕಡೆಯಿಂದ ಬಂದ ಉಳಿದವರಿಗೆ ಹೋಟೆಲು, ಆಫೀಸು, ನಮಗೆ ಮಶೀನು. ಮನೆಯಲ್ಲಿ ಪ್ರಾರ್ಥನೆ ಕನ್ನಡದಲ್ಲಿ, ಜಗಳ ತುಳುವಿನಲ್ಲಿ, ಹೊರಗಿನ ಲೋಕ ಮರಾಠಿಯಲ್ಲಿ. ದೀಪ ಹಚ್ಚಿದ ಮೇಲೆ ಎಲ್ಲರೂ ಚಾಪೆಯ ಮೇಲೆ ಕೂರಲೇಬೇಕು. ಅಜ್ಜ ವೇದಪುಸ್ತಕವನ್ನು, ನಮ್ಮ ಬೈಬಲನ್ನು, ಮಡಿಲಲ್ಲಿ ತೆರೆದಿಟ್ಟುಕೊಳ್ಳುತ್ತಿದ್ದರು. ಓದುತ್ತಿರಲಿಲ್ಲ, ಕಣ್ಣಿಗೆ ಪೊರೆ ಬಂದಿತ್ತು. ಬಾಯಿಪಾಠವಾಗಿ ಹೇಳುತ್ತಿದ್ದರು, ಹೇಳುತ್ತಾ ಹೇಳುತ್ತಾ ಹಾಳೆ ಮಗುಚುತ್ತಿದ್ದರು. ಹಾಗಾಗಿ ಪುಸ್ತಕದಲ್ಲಿ ಏನಿದೆ ಎಂದು ನಮ್ಮಲ್ಲಿ ಯಾರೂ ನೋಡಲಿಲ್ಲ. ಅಜ್ಜ ಹೇಳಿದ್ದೇ ಅದರಲ್ಲಿರುವುದು.

ಅಜ್ಜ ಆ ವರ್ಕ್‌ಶಾಪಿನ ಹಳೆಯ ಫೋರ್‌ಮನ್. ಕೆಲಸ ಬಿಟ್ಟ ಮೇಲೂ ಮಾಲೀಕರಿಗೆ ಅವರ ಮೇಲೆ ಗೌರವ. ಹೊಸ ಮಶೀನು ಬಂದಾಗ ಮಾಲೀಕರು ತೆಂಗಿನಕಾಯಿ ಒಡೆದ ನಂತರ, ಅಜ್ಜನನ್ನು ಕರೆತಂದು ಪ್ರಾರ್ಥನೆ ಮಾಡಿಸುವುದು ಅಲ್ಲಿನ ರೂಢಿ. ಮಶೀನು ನಡೆಸುವವನ ಕೈಯನ್ನು ಅಜ್ಜ ಹ್ಯಾಂಡಲಿನ ಮೇಲೆ ಇಟ್ಟು, ತಮ್ಮ ಕೈಯನ್ನು ಅದರ ಮೇಲೆ ಇಟ್ಟು, ಅವನ ಹೆಸರು ಹಿಡಿದು ಆಶೀರ್ವದಿಸುತ್ತಿದ್ದರು. ಆ ವರ್ಷ ಬಂದದ್ದು ದೊಡ್ಡ ಮಶೀನು. ಅದನ್ನು ಹಿಡಿದವನೇ ಮುಂದಿನ ಫೋರ್‌ಮನ್ ಎಂದು ಎಲ್ಲರಿಗೂ ಗೊತ್ತಿತ್ತು. ಅದು ದೊಡ್ಡಪ್ಪನಿಗೆ ಸಲ್ಲಬೇಕಾದದ್ದು. ಹಿರಿಯವನು, ಕೈಚಳಕವೂ ಅವನದೇ ಹೆಚ್ಚು. ಆದರೆ ಆ ಬೆಳಿಗ್ಗೆ ಪೂಜೆಗೆ ಹೂವು ತರಲು ಹೋದವನು ತಡಮಾಡಿದ. ಬೇರೆ ಮಶೀನುಗಳು ಗಡಗಡ ತಿರುಗುತ್ತಿದ್ದವು, ತೀರ ಹತ್ತಿರ ನಿಂತವನಿಗೆ ಮಾತ್ರ ಮಾತು ಕೇಳಿಸುತ್ತಿತ್ತು. ಅಜ್ಜ ಕೈ ಚಾಚಿದರು, ಎದುರಿಗಿದ್ದ ಕೈ ಹಿಡಿದರು. ಅದು ಅಪ್ಪನ ಕೈ. ದೊಡ್ಡಪ್ಪ ಹೂವಿನ ಪೊಟ್ಟಣ ಹಿಡಿದು ಒಳಗೆ ಬರುವಾಗ ಆಮೆನ್ ಆಗಿತ್ತು, ಮಾಲೀಕರು ಅಪ್ಪನ ಕೈ ಕುಲುಕುತ್ತಿದ್ದರು.

ಅಪ್ಪ ಹೇಳಿದ್ದು: "ಇದು ನಾನು, ಅಣ್ಣ ಅಲ್ಲ ಅಂತ ಕೂಗಿದೆ. ಗಲಾಟೆಯಲ್ಲಿ ಅವರಿಗೆ ಕೇಳ್ಲಿಲ್ಲ." ದೊಡ್ಡಪ್ಪ ನಂಬಲಿಲ್ಲ. ಅಜ್ಜನ ಕಾಲು ಹಿಡಿದು, ಇನ್ನೊಮ್ಮೆ ಬಂದು ನನ್ನ ಕೈ ಇಟ್ಟು ಪ್ರಾರ್ಥನೆ ಮಾಡಿ ಎಂದು ಬೇಡಿದ. ಅಜ್ಜ ಒಪ್ಪಲಿಲ್ಲ. ಆಶೀರ್ವಾದ ಕೊಟ್ಟದ್ದು ಕೊಟ್ಟಾಯಿತು, ವೇದಪುಸ್ತಕದ ಇಸಾಕನಿಗೂ ಹಿಂದೆ ತೆಗೆದುಕೊಳ್ಳಲಿಕ್ಕೆ ಆಗಲಿಲ್ಲ, ನನಗೆಲ್ಲಿ ಆಗುತ್ತದೆ ಎಂದರು. ಇಂಥ ತಪ್ಪು ನಮ್ಮಂಥ ಮನೆಯಲ್ಲಿ ಮಾತ್ರ ನಡೆಯಲು ಸಾಧ್ಯ. ಬೇರೆಯವರಾದರೆ ನಕ್ಕು, ಕೈ ಬದಲಿಸಿ, ಮತ್ತೊಂದು ಕಾಯಿ ಒಡೆಯುತ್ತಿದ್ದರು. ಮೇಲಿಂದ ಅಜ್ಜ ಇದಕ್ಕೆ ಮದ್ದು ಎಂದು ಸಂಜೆಸಂಜೆ ಯಾಕೋಬನ ಕಥೆಯನ್ನೇ ಹೇಳತೊಡಗಿದರು. ಕುರುಡ ತಂದೆ ಇಸಾಕನಿಗೆ ಮೋಸಮಾಡಿ ಅಣ್ಣನ ಆಶೀರ್ವಾದ ಪಡೆದವನು, ಅಣ್ಣನ ಸಿಟ್ಟಿಗೆ ಹೆದರಿ ಓಡಿದವನು, ಪರದೇಶದಲ್ಲಿ ದುಡಿದು ಬೆನ್ನು ಬಗ್ಗಿಸಿದವನು, ಕೊನೆಗೆ ಹೊಳೆಯ ದಂಡೆಯಲ್ಲಿ ದೇವರೊಡನೆ ಕುಸ್ತಿ ಹಿಡಿದು ಸೊಂಟ ಉಳುಕಿಸಿಕೊಂಡವನು. ಮರುದಿನ ಅಣ್ಣ ಏಸಾವ ಓಡಿಬಂದು ಅವನನ್ನು ತಬ್ಬಿಕೊಂಡ ಎಂಬಲ್ಲಿಗೆ ಅಜ್ಜ ಪುಸ್ತಕ ಮುಚ್ಚುತ್ತಿದ್ದರು. ಆ ತಬ್ಬುಗೆ ತನ್ನ ಮಕ್ಕಳ ತಲೆಗೆ ಇಳಿಯಲಿ ಎಂದು ಅವರ ಆಸೆ. ಇಳಿದದ್ದು ಮೋಸದ ಭಾಗ ಮಾತ್ರ. ಜಗಳಕ್ಕೆ ಅಷ್ಟರವರೆಗೆ ಹೆಸರಿರಲಿಲ್ಲ. ಅಜ್ಜ ಹೆಸರು ಕೊಟ್ಟರು. ದೊಡ್ಡಪ್ಪ ಅಪ್ಪನನ್ನು ಕರುಣಾಕರ ಎನ್ನುವುದು ಬಿಟ್ಟ. "ಏ ಯಾಕೋಬ, ನೀರು ಕೊಡು." "ಯಾಕೋಬ ಸಾಹೇಬ್ರು ಫೋರ್‌ಮನ್ ಆಗಿದ್ದಾರೆ, ಜಾಗ ಬಿಡಿ."

ಆಮೇಲೆ ಆ ಮನೆಯಲ್ಲಿ ಪೆಟ್ಟು ಬೀಳದ ವಾರವಿರಲಿಲ್ಲ. ದೊಡ್ಡಪ್ಪ ಎಸೆದ ಹಿತ್ತಾಳೆಯ ಲೋಟ ಅಪ್ಪನ ಹುಬ್ಬು ಸೀಳಿತು. ಅಪ್ಪ ಅವನ ಹೆಬ್ಬೆರಳನ್ನು ಕಚ್ಚಿ ಎಲುಬು ಕಾಣುವ ಹಾಗೆ ಮಾಡಿದರು. ನಮ್ಮ ರೇಡಿಯೋ ಬಾಗಿಲ ಮುಂದಿನ ಗ್ಯಾಲರಿಯಿಂದ ಕೆಳಗೆ ಬಿದ್ದು ಚೂರಾಯಿತು. ಬಿಡಿಸಲು ಹೋದ ಅಮ್ಮನ ಮೊಣಕೈಗೆ ಬಾಗಿಲು ಬಡಿಯಿತು. ಪಕ್ಕದ ಮನೆಯ ಮರಾಠಿ ಮಾವಶಿ ಸೆರಗು ಸಿಕ್ಕಿಸಿಕೊಂಡು ಬಂದು ನಡುವೆ ನಿಂತು ಕಿರುಚುತ್ತಿದ್ದಳು: "ಅರೇ, ಸಖ್ಖೇ ಭಾವೂ ನಾ ತುಮ್ಹೀ? ಲಾಜ್ ವಾಟತ್ ನಾಹೀ?" ಒಡಹುಟ್ಟಿದವರಲ್ಲವೇ, ನಾಚಿಕೆಯಾಗುವುದಿಲ್ಲವೇ ಎಂದು. ನಾಚಿಕೆಯಾಗುತ್ತಿತ್ತು, ಆದ್ದರಿಂದಲೇ ಇನ್ನಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದ್ದರು. ದೀಪ ಹಚ್ಚಿದ ಕೂಡಲೇ ಇಬ್ಬರೂ ರಕ್ತ ಒರೆಸಿಕೊಂಡು ಚಾಪೆಯ ಮೇಲೆ ಕೂರುತ್ತಿದ್ದರು. ಪ್ರಾರ್ಥನೆ ತಪ್ಪಿಸಲು ಇಬ್ಬರಿಗೂ ಧೈರ್ಯವಿರಲಿಲ್ಲ. ಕಣ್ಣು ಮುಚ್ಚಿದರೆ ಇಬ್ಬರ ಏದುಸಿರು ನನಗೆ ಕೇಳಿಸುತ್ತಿತ್ತು.

ಚಾಪೆಯ ಮೇಲೆ ಕೂತಾಗ ಕೈ ಎತ್ತಬಾರದು ಎಂಬ ಆ ಒಂದು ಮಿತಿಯೂ ಒಂದು ಸಂಜೆ ಮುರಿಯಿತು. ಅಜ್ಜ ಕುಸ್ತಿಯ ಭಾಗ ಹೇಳುತ್ತಿದ್ದರು. ದೊಡ್ಡಪ್ಪ ಮೂಗಿನಲ್ಲಿ ನಕ್ಕ. "ಇವನ ಹತ್ರ ದೇವರು ಕುಸ್ತಿಗೆ ಬರ್ಬೇಕಾ? ನಾನು ಸಾಕು." ಅಪ್ಪ ಕಣ್ಣು ತೆರೆಯದೆ ಹೇಳಿದರು: "ಒಂದು ಬಟ್ಟಲು ಗಂಜಿಗೆ ಎಲ್ಲ ಮಾರಿದವನಿಗೆ ಕುಸ್ತಿ ಎಂತದು ಮಾರಾಯ." ಕಥೆಯಲ್ಲಿ ಏಸಾವ ಹಸಿವು ತಾಳದೆ ಹಿರಿತನ ಮಾರಿದವನು, ದೊಡ್ಡಪ್ಪನಿಗೆ ಹಸಿವು ತಡೆಯುವುದಿಲ್ಲ ಎಂದು ಮನೆಯಲ್ಲಿ ಮೊದಲಿನಿಂದಲೂ ತಮಾಷೆ ಇತ್ತು. ಅದೇ ತಮಾಷೆ. ದೊಡ್ಡಪ್ಪ ಎದ್ದ. ಬಾಗಿಲ ಹಿಂದೆ ವರ್ಕ್‌ಶಾಪಿನ, ಪೈಪ್ ಬಿಗಿಯುವ ದೊಡ್ಡ ಪಾನಾ ಇರುತ್ತಿತ್ತು, ಕೈಯುದ್ದದ ಕಬ್ಬಿಣ. ಅಪ್ಪ ಏಳುವಷ್ಟರಲ್ಲಿ ಅದು ಅವರ ಸೊಂಟದ ಕೀಲಿಗೆ ಬಿತ್ತು. ಹಸಿ ಕೊಂಬೆ ಮುರಿದ ಹಾಗೆ ಒಂದು ಸದ್ದು. ಅಪ್ಪ ಕೂಗಲಿಲ್ಲ, ಬಾಯಿ ತೆರೆದೇ ಇತ್ತು. ಎರಡನೆಯ ಬಾರಿ ಎತ್ತಿದ್ದನ್ನು ದೊಡ್ಡಪ್ಪ ತಾನೇ ಗೋಡೆಗೆ ಹೊಡೆದ, ಗಾರೆ ಉದುರಿತು. ಏನೂ ಕಾಣದ ಅಜ್ಜ ಕೈ ಚಾಚಿ ಗಾಳಿಯಲ್ಲಿ ತಡಕಾಡುತ್ತಾ, "ಯಾರಿಗೆ ಬಿತ್ತು? ಯಾರಿಗೆ ಬಿತ್ತು?" ಎಂದು ಕೇಳುತ್ತಲೇ ಇದ್ದರು.

ಆಸ್ಪತ್ರೆಗೆ ಪೊಲೀಸ್ ಬಂದ. ಅಪ್ಪ ಹಲ್ಲು ಕಚ್ಚಿಕೊಂಡು, "ಸೀಢೀ ಸೇ ಗಿರಾ, ಸಾಬ್," ಎಂದರು. ಮೆಟ್ಟಿಲಿಂದ ಬಿದ್ದೆ. ಪೊಲೀಸ್ ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ಬರೆದುಕೊಂಡು ಹೋದ. ಅಂದಿನಿಂದ ನಮ್ಮ ಮಂದಿಯಲ್ಲೆಲ್ಲ ಅಪ್ಪನದು ದೊಡ್ಡ ಹೆಸರು: ಸೊಂಟ ಮುರಿದವನನ್ನು ಕ್ಷಮಿಸಿದವನು. ದೊಡ್ಡಪ್ಪ ದೊಡ್ಡಮ್ಮನನ್ನು ಕರೆದುಕೊಂಡು ಡೊಂಬಿವಲಿಗೆ ಹೋದ, ಅಲ್ಲಿನ ಕಾರ್ಖಾನೆಗೆ ಸೇರಿದ. ಅಪ್ಪನಿಗೆ ಮಶೀನಿನ ಮುಂದೆ ನಿಲ್ಲಲು ಆಗಲಿಲ್ಲ. ನಾನು ಶಾಲೆ ಬಿಟ್ಟು ನಿಂತೆ. ಯಾರ ಮುಂದೆಯೂ ಕೈ ಚಾಚದೆ ಅಜ್ಜ, ಅಪ್ಪ, ಅಮ್ಮನನ್ನು ಘಣಸೋಲಿಯ ಹಳ್ಳಿಯಲ್ಲಿ ಬಾಡಿಗೆ ಮನೆಗೆ ಕರೆತಂದೆ. ಆ ಕೆಲಸ ನನ್ನನ್ನು ಮನುಷ್ಯನನ್ನಾಗಿ ಮಾಡಿತು ಎಂದು ಇಂದಿಗೂ ತಲೆಯೆತ್ತಿ ಹೇಳುತ್ತೇನೆ. ಆದರೆ ಮಶೀನಿನ ಕಂಪನ ಕೈಗೆ ಹತ್ತಿದಾಗಲೆಲ್ಲ ನನ್ನೊಳಗೆ ಒಂದೇ ಯೋಚನೆ: ಆ ಪಾನಾ ಒಮ್ಮೆ ನನ್ನ ಕೈಗೆ ಸಿಕ್ಕಬೇಕು, ದೊಡ್ಡಪ್ಪ ಎದುರಿಗೆ ಬರಬೇಕು. ಅಜ್ಜನಿಗೂ ಒಂದೇ ಯೋಚನೆ. ಸಾಯುವ ಮೊದಲು ಇಬ್ಬರೂ ಮಕ್ಕಳು ಒಂದು ಚಾಪೆಯ ಮೇಲೆ ಕೂರಬೇಕು. ಯಾಕೋಬನ ಕಥೆಯನ್ನು ಅವರು ಬಿಡಲಿಲ್ಲ. ತಬ್ಬುಗೆಯ ತನಕ ಹೇಳಿ, ಅಪ್ಪನ ಕಡೆಗೆ ಮುಖ ಮಾಡಿ ಪುಸ್ತಕ ಮುಚ್ಚುತ್ತಿದ್ದರು.

ವರ್ಷಗಳು ಕಳೆದು ಒಂದು ಡಿಸೆಂಬರಿನಲ್ಲಿ ಅಪ್ಪ, "ಡೊಂಬಿವಲಿಗೆ ಹೋಗುವ," ಎಂದರು. ಸುದ್ದಿ ಮುಟ್ಟಿಸಿದವರ ಕೈಯಲ್ಲಿ ದೊಡ್ಡಪ್ಪನ ಉತ್ತರ ಬಂತು: "ಬರ್ಲಿ. ಇನ್ನೊಂದು ಕಾಲೂ ಮುರಿದು ಸಮ ಮಾಡಿ ಕಳಿಸ್ತೇನೆ." ಅಮ್ಮ ಹೆದರಿದಳು, ಆದರೂ ಕ್ರಿಸ್‌ಮಸ್ ತಿಂಡಿ ಕರಿದು ಡಬ್ಬ ತುಂಬಿಸಿ ನಮ್ಮ ಜೊತೆ ಹೊರಟಳು. ನಾನು ಹೊಡೆದಾಟಕ್ಕೆ ಸಿದ್ಧನಾಗಿಯೇ ಹೊರಟೆ. ಠಾಣೆಯ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಜನರ ನೂಕಿನಲ್ಲಿ ಅಪ್ಪನನ್ನು ನನ್ನ ಮೈಯಿಂದಲೇ ಕಾಯ್ದು ಒಳಗೆ ತಳ್ಳಿದೆ. ದೊಡ್ಡಪ್ಪನ ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಾಳಿಗೆಯಲ್ಲಿತ್ತು. ನಾನು ಮುಂದೆ ಹೋಗುತ್ತೇನೆ ಎಂದೆ. "ಬೇಡ," ಎಂದರು ಅಪ್ಪ. "ಹೆಂಗಸು ಮಕ್ಕಳನ್ನು ಹಿಂದೆ ಬಿಟ್ಟು ಅವನೇ ಮುಂದೆ ನಡೆದದ್ದು." ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ, ಅಣ್ಣನ ಎದುರಿಗೆ ಹೋದ ಯಾಕೋಬ. ಅಪ್ಪ ಮೆಟ್ಟಿಲ ಕಂಬಿ ಹಿಡಿದು, ಒಳ್ಳೆಯ ಕಾಲು ಮೇಲಿಟ್ಟು, ಕೆಟ್ಟದ್ದನ್ನು ಎಳೆದುಕೊಂಡು, ನಿಂತು ಉಸಿರು ಬಿಟ್ಟು, ಮತ್ತೆ.

ಮೇಲೆ ದೊಡ್ಡಪ್ಪ ನಿಂತಿದ್ದ. ತಲೆಯೆಲ್ಲ ಬೆಳ್ಳಗಾಗಿತ್ತು. ಅಪ್ಪ ಕುಂಟುವುದನ್ನು ಅವನು ನೋಡಿದ್ದು ಅದೇ ಮೊದಲು. ಧಡಧಡ ಇಳಿದು ಬಂದ. ನಾನು ಅಡ್ಡ ಬರುವಷ್ಟರಲ್ಲಿ ಅಪ್ಪನ ಕಾಲರ್ ಹಿಡಿದು ಗೋಡೆಗೆ ಒತ್ತಿದ, ಗುಂಡಿಗಳು ಹಾರಿದವು.

"ಕಂಪ್ಲೇಂಟ್ ಯಾಕೆ ಕೊಡ್ಲಿಲ್ಲ? ಹೇಳು! ಜೈಲಿಗೆ ಹಾಕಿಸ್ಲಿಕ್ಕೆ ಆಗ್ತಿರ್ಲಿಲ್ವಾ? ನಾನು ಶಿಕ್ಷೆ ಮುಗಿಸಿ ಎಂದೋ ಮನೆಗೆ ಬರ್ತಿದ್ದೆ. ನೀನು ದೊಡ್ಡ ಸಂತ ಆಗಿ ಕೂತೆ. ಭಾನುವಾರ ಚರ್ಚಿನಲ್ಲಿ ಯಾರ ಮುಖ ನೋಡಿದ್ರೂ ನಿನ್ನ ಕ್ಷಮೆಯದ್ದೇ ಮಾತು!"

ನನ್ನ ಮುಷ್ಟಿ ಎದ್ದಿತ್ತು. ಅಪ್ಪ ಕಣ್ಣಲ್ಲೇ ನನ್ನನ್ನು ತಡೆದರು. ದೊಡ್ಡಪ್ಪನ ಧ್ವನಿ ಇಳಿಯಿತು. "ಒಂದು ಕೇಳ್ತೇನೆ. ಆ ದಿನ ಪಪ್ಪ ನಾನು ಅಂತ ನಿನ್ನ ಕೈ ಹಿಡಿದದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದರು ಅಪ್ಪ. "ನಿನ್ನ ಹೆಸರೇ ಹೇಳಿ ಪ್ರಾರ್ಥನೆ ಮಾಡಿದ್ರು, ಸುಂದರಣ್ಣ. ನಾನು ಕೂಗ್ಲೇ ಇಲ್ಲ. ಕೈ ತೆಗೀಲಿಲ್ಲ."

ದೊಡ್ಡಪ್ಪ ಅಂಗೈ ಬೀಸಿ ಒಂದೇ ಏಟು ಹೊಡೆದ. ಕೆಳಗಿನ ಮನೆಯವರು ಬಾಗಿಲು ತೆರೆದು ನೋಡಿದರು. ಅಪ್ಪನ ತುಟಿ ಒಡೆಯಿತು. ಮರುಗಳಿಗೆ ಅವನು ಅಪ್ಪನ ಕುತ್ತಿಗೆಗೆ ಮುಖ ಒತ್ತಿ, ದೊಡ್ಡ ಪ್ರಾಣಿಯ ಹಾಗೆ ಅಳುತ್ತಿದ್ದ. ಅಳುತ್ತಲೇ ಅಮ್ಮನ ಕಡೆ ತಿರುಗಿ, "ಊಟ ಆಗಿದ್ಯಾ ನಿಮ್ದು?" ಎಂದ. ಅಮ್ಮ ಅಳುವುದೋ ನಗುವುದೋ ತಿಳಿಯದೆ ಡಬ್ಬ ಮುಂದೆ ಹಿಡಿದಳು.

ಆ ಮಧ್ಯಾಹ್ನ ಒಡೆದ ತುಟಿಯಿಂದ ಅಪ್ಪ ಮೀನುಸಾರು ಉಂಡರು. ದೊಡ್ಡಪ್ಪ ಮುಳ್ಳು ಬಿಡಿಸಿ ಅವರ ತಟ್ಟೆಗೆ ಹಾಕಿದ. ಪಕ್ಕದ ಮನೆ ಖಾಲಿ ಉಂಟು, ಪಪ್ಪನನ್ನು ಕರ್ಕೊಂಡು ಬನ್ನಿ, ಒಟ್ಟಿಗೆ ಇರುವ ಎಂದ. "ನೀನು ಮಾತಾಡಿಡು. ನಾನು ಮೆಲ್ಲ ಬರ್ತೇನೆ, ಕಾಲು ನೋಡು," ಎಂದರು ಅಪ್ಪ. ವಾಪಸ್ ಬರುವ ಗಾಡಿಯಲ್ಲಿ ಸಾಮಾನು ಯಾವಾಗ ಕಟ್ಟುವುದು ಎಂದು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಹೋಗುವುದಿಲ್ಲ ಮಗ," ಎಂದರು. "ಅವನು ದಿನಾ ಬೆಳಿಗ್ಗೆ ಎದ್ದು ನನ್ನ ಕಾಲು ನೋಡ್ಬೇಕಾ? ನಾನು ಅವನ ಮುಖ ನೋಡ್ಬೇಕಾ? ಸಿಟ್ಟು ಹೋಯ್ತು. ಅದು ಬೇರೆ, ಒಟ್ಟಿಗೆ ಇರುವುದು ಬೇರೆ."

ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಥೆಯಲ್ಲಿ ತಬ್ಬಿಕೊಂಡ ಮೇಲೆ ಒಟ್ಟಿಗೆ ಬಾಳಿದರಲ್ಲ ಎಂದು ತೋರಿಸಿ ಅಪ್ಪನನ್ನು ಸೋಲಿಸಬೇಕೆಂದು ಅಜ್ಜನ ಪುಸ್ತಕ ತೆರೆದೆ. ಅಕ್ಷರದ ಕೆಳಗೆ ಬೆರಳಿಟ್ಟು ಓದುವವನು ನಾನು. ತಬ್ಬುಗೆಯ ಮುಂದಿನ ಸಾಲುಗಳಿಗೆ ಬರಲು ಹೊತ್ತು ಹಿಡಿಯಿತು. ಒಟ್ಟಿಗೆ ಹೋಗೋಣ ಎಂದು ಏಸಾವ ಕರೆದದ್ದು ಅಲ್ಲಿತ್ತು. ಮಕ್ಕಳಿದ್ದಾರೆ, ಮರಿಗಳಿವೆ, ನೀನು ಮುಂದೆ ನಡೆ, ನಾನು ಮೆಲ್ಲಗೆ ಬರುತ್ತೇನೆ ಎಂದ ಯಾಕೋಬ. ಏಸಾವ ಹೋದ. ಯಾಕೋಬ ಬೇರೆ ದಾರಿ ಹಿಡಿದು ಬೇರೆ ಊರಲ್ಲಿ ಮನೆ ಕಟ್ಟಿದ. ಪುಸ್ತಕ ನೋಡದ ಅಪ್ಪ ಗಾಡಿ ಹತ್ತುವ ಮೊದಲು ಹೇಳಿದ್ದೂ ಅದೇ ಮಾತು. ಪುಸ್ತಕ ಹಿಡಿದುಕೊಂಡೇ ಅಜ್ಜನ ಹತ್ತಿರ ಹೋದೆ. ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಜ್ಜ ಪೊರೆಗಣ್ಣು ಕಿಟಕಿಯ ಕಡೆ ತಿರುಗಿಸಿ, "ಇದನ್ನೂ ಹೇಳಿದ್ರೆ ನಿನ್ನ ಅಪ್ಪ ಡೊಂಬಿವಲಿ ತನಕ ಹೋಗ್ತಿದ್ದನಾ?" ಎಂದರು. ನಂಬಿಕೆ ಎಂದರೆ ಇಷ್ಟೇ ಇರಬಹುದು, ಮುಂದಿನ ಪುಟ ಗೊತ್ತಿದ್ದೂ ಇಲ್ಲಿಯ ತನಕ ಬಾ ಎಂದು ಕರೆಯುವುದು.

ಮಳೆಗಾಲ ಹಿಡಿಯುವ ಹೊತ್ತಿಗೆ ಅಜ್ಜ ತೀರಿಕೊಂಡರು. ದೊಡ್ಡಪ್ಪ ಡೊಂಬಿವಲಿಯಿಂದ ನೇರ ಸ್ಮಶಾನಕ್ಕೆ ಬಂದ, ಅಪ್ಪನ ಎದುರು ಬದಿಯಲ್ಲಿ ನಿಂತ. ಪೆಟ್ಟಿಗೆ ಇಳಿಸುವ ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಒಂದು ಅಪ್ಪನ ಕೈಯಲ್ಲಿ. ಇನ್ನೊಂದು ಹಗ್ಗವನ್ನು ನಾನು ಮತ್ತು ಚರ್ಚಿನ ಸಭೆಯವನೊಬ್ಬ ಹಿಡಿದಿದ್ದೆವು. ಮಣ್ಣು ಜಾರುತ್ತಿತ್ತು. ಅಪ್ಪನ ಕೆಟ್ಟ ಕಾಲು ಕುಸಿಯಿತು, ಪೆಟ್ಟಿಗೆ ಅವರ ಬದಿಗೆ ವಾಲಿತು. ಯಾರೋ ಓಡಿಬಂದು ಹಗ್ಗಕ್ಕೆ ಕೈ ಹಾಕಿದರು. ದೊಡ್ಡಪ್ಪ ತಲೆಯೆತ್ತದೆ ಗದರಿದ: "ಮುಟ್ಬೇಡಿ. ಅವನು ಹಿಡೀತಾನೆ." ಅಪ್ಪ ಮಂಡಿಯೂರಿ ಕೂತು ಹಿಡಿದರು. "ಸ್ವಲ್ಪ ಬಿಡು ಕರುಣ." "ಬಿಟ್ಟೆ." "ಇನ್ನು ಸ್ವಲ್ಪ." "ಬಿಟ್ಟೆ." "ಸಾಕು." ಮಣ್ಣು ಮುಚ್ಚಿದ ಮೇಲೆ ಒಬ್ಬರು ಸ್ಟೇಷನ್ನಿಗೆ ನಡೆದರು, ಒಬ್ಬರು ನನ್ನ ಹೆಗಲು ಹಿಡಿದು ಬಸ್ಸಿಗೆ ಬಂದರು.

ಈಗ ಆ ಚಾಳಿಲ್ಲ, ಅವರಿಬ್ಬರೂ ಇಲ್ಲ. ಒಬ್ಬರ ಗೋರಿ ಅತ್ತ ಕಲ್ಯಾಣದ ಕಡೆ, ಒಬ್ಬರದು ಇತ್ತ ಹಿನ್ನೀರಿನ ಖಾಡಿಯ ಈಚೆ. ಅಜ್ಜ ಕೇಳಿದ್ದು ಇಬ್ಬರು ಮಕ್ಕಳನ್ನು ಒಂದು ಚಾಪೆಯ ಮೇಲೆ. ಸಿಕ್ಕಿದ್ದು ಒಂದು ಹಗ್ಗದ ಎರಡು ತುದಿಯಲ್ಲಿ, ಅವರ ಪೆಟ್ಟಿಗೆ ನೆಲ ಮುಟ್ಟುವಷ್ಟು ಹೊತ್ತು.