ಗೇರ್ ಸೈಕಲ್ಲಿನ ನಿಂಬೆಹಣ್ಣು

ನಮ್ಮ ಭಾವನವರಿಗೆ, ಅಂದರೆ ಯಜಮಾನರ ಅಣ್ಣನಿಗೆ, ಗೊತ್ತಿಲ್ಲದ ವಿಷಯವೇ ಇರಲಿಲ್ಲ. ದೇವರು ಅವರಿಗೆ ಬಾಯಿ ಕೊಟ್ಟು ಉಳಿದದ್ದನ್ನು ಮರೆತ ಎಂದರೆ ದೇವರನ್ನು ಬೈದಂತಾಗುತ್ತದೆ, ಅದಕ್ಕೇ ಬಿಡುತ್ತೇನೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ತಮ್ಮ ಬೀಗರ ಮನೆಯಿಂದ ಅವರೊಂದು ಗೇರ್ ಸೈಕಲ್ಲು ತಂದರು. ಅಲ್ಲಿಯ ಮಗ ತುಳಿದು ತುಳಿದು ಬಿಟ್ಟದ್ದು. ಮೋಟಾರು ಕೊಡಿಸಿದವರಂತೆ ಊರೆಲ್ಲ ಹೇಳಿಕೊಂಡರು. ಇರಲಿ, ಅಗಡಿಯಿಂದ ಹಾವೇರಿಯ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದ ನನ್ನ ಮಗಳಿಗೆ ಅದೇ ಗತಿಯಾಯಿತು.

ಬರಬರುತ್ತ ಚೈನು ಜಿಗಿಯತೊಡಗಿತು. ಏರಿನಲ್ಲಿ ಒತ್ತಿ ತುಳಿದರೆ ಕಟ್ಟೆಂದು ಜಾರುತ್ತಿತ್ತು. ಒಂದು ದಿನ ಹುಡುಗಿ ಬಿದ್ದು ಗದ್ದ ಒಡೆದುಕೊಂಡು ಬಂದಳು. ಹಿಂದೆ ಲಾರಿ ಇರಲಿಲ್ಲ, ಶಿವ ಕಾಯ್ದ.

"ತುಳಿಯಾಕ ಬರಂಗಿಲ್ಲ ನಿನಗ," ಎಂದರು ಭಾವ. ಆದರೂ ಹೊಸ ಚೈನು ಹಾಕಿಸಿದರು. ಏರಿನಲ್ಲಷ್ಟೇ ಜಿಗಿಯುತ್ತಿದ್ದದ್ದು ಈಗ ಅಂಗಳದಲ್ಲೇ ಜಿಗಿಯಿತು. ಬೇರೆಯವರಾಗಿದ್ದರೆ ಬಗ್ಗಿ ಗಾಲಿ ನೋಡುತ್ತಿದ್ದರು. ಇವರು ನೆರೆಮನೆಯ ಕಡೆ ನೋಡಿದರು.

"ದೃಷ್ಟಿ ಆಗೇತಿ. ಬೀಗರ ಸೈಕಲ್ಲ ನೋಡಿ ಮಂದಿ ಹೊಟ್ಟಿ ಉರಕೊಂಡಾರ."

ಹ್ಯಾಂಡಲ್ಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಕೊರಳಲ್ಲಿ ಲಿಂಗ, ಕೈಯಲ್ಲಿ ನಿಂಬೆಹಣ್ಣು! ಶಿವನನ್ನು ಎದೆಯ ಮೇಲೆ ಇಟ್ಟುಕೊಂಡವರು ನೆರೆಯವರ ಕಣ್ಣಿಗೆ ಹೆದರುವುದು ಎಂಥ ಭಕ್ತಿಯೋ. ಬ್ಯಾಡಗಿಗೆ ಹೊರಡುವಾಗ ತೀರ್ಪನ್ನೂ ಕೊಟ್ಟರು:

"ನಾ ಬರೂದ್ರಾಗ ನೆಟ್ಟಗಾತೋ ಚಲೋ. ಇಲ್ಲಾಂದ್ರ ಕಾಲೇಜು ಸಾಕು. ಮತ್ತ ಬಿದ್ದು ಹಲ್ಲ ಮುರಕೊಂಡ್ರ ಯಾರ ಮಾಡ್ಕೋತಾರ ಇಕಿನ್ನ?"

ಯಜಮಾನರು ಅಣ್ಣನ ಮುಂದೆ ಎಂದಿನಂತೆ ನೆಲ ನೋಡಿದರು. ಮಗಳು ನನ್ನನ್ನು ನೋಡಿದಳು.

ಸೈಕಲ್ಲನ್ನು ಬುಡಮೇಲು ಮಾಡಿ ನಾನೇ ನೋಡಿದೆ. ಹಿಂದಿನ ಗಾಲಿಯ ಹಲ್ಲಿನ ಚಕ್ರಗಳು ಸವೆದು, ಹಲ್ಲುಗಳೆಲ್ಲ ಒಂದೇ ಕಡೆ ವಾಲಿದ್ದವು. ಸವೆದ ಕುಡುಗೋಲು ದಂಟು ಹಿಡಿಯದೆ ಜಾರುವುದನ್ನು ಕಂಡವರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಯಜಮಾನರು ಬಾಯಿ ಬಿಡದಿದ್ದರೂ ಗಾಲಿ ಬಿಚ್ಚಿಕೊಟ್ಟರು. ಅದೂ ಒಂದು ಕೃಪೆಯೆಂದು ಎಣಿಸಿಕೊಂಡೆ.

ಹಾವೇರಿಯಲ್ಲಿ ಸಾಮಾನು ಸಿಗಲಿಲ್ಲ. ಗಾಲಿ ಹಿಡಿದುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಸೀಟು ಸಿಕ್ಕಿತು, ಇನ್ನೊಂದು ಕೃಪೆ.

ಸೈಕಲ್ ಅಂಗಡಿಯ ಸಾಹೇಬರು ನನ್ನ ಕಥೆ ಕೇಳಿ, ಗಾಲಿ ತಿರುಗಿಸಿ ನಕ್ಕರು.

"ಇದಕ್ಕ ಹೊಸಾ ಚೈನ್ ಯಾರ ಹಾಕಿಸಿದ್ರಕ್ಕಾ?"

"ನಮ್ಮ ಮನಿ ಶಾಣ್ಯಾರು."

"ಬೊಚ್ಚ ಬಾಯಿಗೆ ಕಟಕ ರೊಟ್ಟಿ ಕೊಟ್ಟಂಗ ಆತಲ್ರೀ!"

"ರೊಟ್ಟಿ ಅಷ್ಟ ಅಲ್ರೀ, ಮ್ಯಾಲ ನಿಂಬಿಹಣ್ಣೂ ಕೊಟ್ಟಾರ."

ಹಳೆಯ ಹಲ್ಲಿನ ಚಕ್ರಗಳ ಗುಂಪು ಗಾಲಿಗೆ ಕಚ್ಚಿಕೊಂಡು ಕೂತಿತ್ತು. ಬಿಚ್ಚುವ ಪಾನಾದ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಇಬ್ಬರು ಜೋತುಬಿದ್ದ ಮೇಲೆ ಕಳಚಿತು. ಸಂದಿಯಲ್ಲೆಲ್ಲ ಎಣ್ಣೆಗೆ ಮೆತ್ತಿದ ಕೆಂಪು ಖಾರದ ಧೂಳು. ಬೀಗರ ಉಡುಗೊರೆ! ಆ ಜಾಗಕ್ಕೆ ಹೊಸ ಹಲ್ಲು ಬಂತು. ಸಂಜೆ ಯಜಮಾನರು ಗಾಲಿ ಕೂಡಿಸಿದರು. ಮಗಳು ಏರು ಹತ್ತಿ ಬಂದಳು, ಚೈನು ಜಿಗಿಯಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಬಂದವರೇ ಧೋತರ ಮೇಲೆ ಕಟ್ಟಿ ಸೈಕಲ್ಲು ಹತ್ತಿದರು. ಎದ್ದು ನಿಂತು ತುಳಿದರೂ ಜಾರಲಿಲ್ಲ. ಥಳಥಳಿಸುವ ಹೊಸ ಹಲ್ಲಿನ ಕಡೆ ಅವರ ಕಣ್ಣೇ ಹೋಗಲಿಲ್ಲ.

"ನೋಡಿದ್ರಿಲ್ಲೋ ನಿಂಬಿಹಣ್ಣಿನ ಪ್ರಭಾವ?"

"ದೊಡ್ಡಪ್ಪಾ, ಅದು..." ಎಂದು ಮಗಳು ಬಾಯಿ ತೆರೆದಳು.

"ಹೊತ್ತಾತು, ನಡಿ ನೀ ಕಾಲೇಜಿಗೆ," ಎಂದು ಅವಳ ಕೈಗೆ ಚೀಲ ತುರುಕಿದೆ.

ನಾನು ಗೆದ್ದೆನೆಂದು ತಿಳಿದರೆ ಅವರು ಇನ್ನೊಂದು ನೆಪ ಹುಡುಕುತ್ತಿದ್ದರು. ತಮ್ಮ ನಿಂಬೆಹಣ್ಣೇ ಗೆದ್ದ ಮೇಲೆ ಕಾಲೇಜು ಬಿಡಿಸುವುದು ಹೇಗೆ? ಅವಳ ಓದು ಮುಗಿಯುವವರೆಗೂ ಅಮಾವಾಸ್ಯೆಗೊಮ್ಮೆ ಅವರು ಹೊಸ ಹಣ್ಣು ಕಟ್ಟಿದರು. ಸಂತೆಯಲ್ಲಿ ಒಳ್ಳೆಯದನ್ನು ಆರಿಸಿ ತಂದು ಅವರ ಕೈಗೆ ಕೊಡುತ್ತಿದ್ದವಳು ನಾನೇ.