ಶಿಬಿರದ ಬೆಟ್ಟದಿಂದ ಇಳಿದ ಕೊಪ್ಪರಿಗೆ

ಸಕಲೇಶಪುರದಿಂದ ಬೆಳಗಿನ ಬಸ್ಸು ಹಿಡಿದು ಹೆತ್ತೂರಿನಲ್ಲಿ ಇಳಿದಾಗ ಮಂಜು ಇನ್ನೂ ಕರಗಿರಲಿಲ್ಲ. ಕಾಫಿ ಹಣ್ಣಾಗುವ ಕಾಲ. ಬಸ್ಸಿನ ತುಂಬ ಕೊಯ್ಲಿಗೆ ಹೊರಟವರೇ ಇದ್ದರು. ಹೋಟೆಲಿನಲ್ಲಿ ಬಿಸಿ ಕಡುಬು ತಿಂದು, ಬಸ್ಸಿನಲ್ಲಿ ಪಕ್ಕ ಕೂತಿದ್ದ ಜಯಮ್ಮನವರೊಡನೆ ಬೆಟ್ಟ ಹತ್ತಿದೆ. ಮೇಲಿನ ಹಳೆಯ ವಿದ್ಯಾರ್ಥಿ ಶಿಬಿರತಾಣದ ಚರಿತ್ರೆ ಬರೆಯುವುದು ನನ್ನ ಉದ್ದೇಶವಾಗಿತ್ತು. ಅವರಿಗೆ ಬೇರೆಯೇ ಕೆಲಸ: ವಾರದೊಳಗೆ ಮಗಳ ಮದುವೆ, ಅಡುಗೆಗೆ ಅಲ್ಲಿರುವ ಊರಿನ ಕೊಪ್ಪರಿಗೆ ಬೇಕಿತ್ತು.

ಜಯಮ್ಮ ಹುಡುಗಿಯಾಗಿದ್ದಾಗ ಆ ಬೆಟ್ಟದಲ್ಲಿ ಇದ್ದದ್ದು ಲಂಟಾನದ ಪೊದೆ ಮಾತ್ರ. ಊರವರೂ ಪಟ್ಟಣದ ವಿದ್ಯಾರ್ಥಿಗಳೂ ಕೂಡಿ ಪೊದೆ ಕಡಿದರು, ಹೆಂಚಿನ ಸಭಾಂಗಣ ಕಟ್ಟಿದರು. ಮನೆಮನೆಯವರು ಹಳೆಯ ತಾಮ್ರದ ಚೆಂಬು, ತಂಬಿಗೆಗಳನ್ನು ಕೊಟ್ಟು ಹಾಸನದಿಂದ ಒಂದು ದೊಡ್ಡ ಕೊಪ್ಪರಿಗೆ ತಂದರು. ಶಿಬಿರವಿದ್ದಾಗ ಶಿಬಿರಕ್ಕೆ, ಇಲ್ಲದಾಗ ಊರ ಮದುವೆಗಳಿಗೆ.

"ನನ್ನ ಮದ್ವೆ ಸಾರು ಅದ್ರಲ್ಲೇ ಕುದ್ದಿದ್ದು ಕಣಮ್ಮ. ಉಪ್ಪು ಜಾಸ್ತಿ ಆಗ್ಬುಟ್ಟಿತ್ತು. ನಮ್ಮೆಜಮಾನ್ರು ಇವತ್ಗೂ ಆಡ್ಕೋತಾರೆ!"

ಹೋದ ವರ್ಷ ಶಿಬಿರತಾಣದ ಆಡಳಿತ ಸಮಿತಿಯು ಊರನ್ನು ಕೇಳದೆ ಆ ಜಾಗವನ್ನು ವಿಶ್ರಾಂತಿಧಾಮಕ್ಕೆ ಗುತ್ತಿಗೆ ಕೊಟ್ಟಿತು. ಊರಿನ ಬೆವರಿನಿಂದ ಎದ್ದ ಗೋಡೆಗಳನ್ನು ಯಾವ ಅಧಿಕಾರದಿಂದ ಕೊಟ್ಟರು? ಉತ್ತರಿಸಬೇಕಾದವರು ಇಂದಿಗೂ ಬಾಯಿ ಬಿಟ್ಟಿಲ್ಲ.

ಕೊಪ್ಪರಿಗೆ ಗೇಟಿನ ಬಳಿಯೇ ಕಂಡಿತು. ಮಣ್ಣು ತುಂಬಿ ಅದರಲ್ಲಿ ಕೆಂಪು ಹೂವಿನ ಗಿಡ ನೆಟ್ಟಿದ್ದರು.

"ಇದು ಊರಿನ ಆಸ್ತಿ. ಮುಟ್ಟಲು ನಿಮಗೆ ಹೇಳಿದವರು ಯಾರು?" ಎಂದು ಗೇಟಿಗೆ ಬಂದ ವಿಶ್ರಾಂತಿಧಾಮದ ವ್ಯವಸ್ಥಾಪಕನ ಮೇಲೆ ಹರಿಹಾಯ್ದೆ. ಅವನು ನನ್ನ ವಯಸ್ಸಿನವನೇ.

"ಮೂಲೇಲಿ ಬಿದ್ದಿತ್ತು ಮೇಡಂ. ಯಾರ್ಗೂ ಬೇಡದ ಸಾಮಾನು ಅಂದ್ಕೊಂಡೆ."

"ಸುಮ್ನಿರಮ್ಮ, ಪಾಪ, ಗಿಡ ಏನ್ ಮಾಡ್ತು?" ಎನ್ನುತ್ತ ಜಯಮ್ಮ ಕುಕ್ಕರುಗಾಲಿನಲ್ಲಿ ಕೂತರು. ಬೇರು ಹರಿಯದಂತೆ ಗಿಡವನ್ನು ಬಿಡಿಸಿ ಮೆಟ್ಟಿಲ ಪಕ್ಕದಲ್ಲಿ ನೆಟ್ಟರು. ಮಣ್ಣು ಸುರಿದಾಗ ತಳದಲ್ಲಿ ಬೆರಳು ತೂರುವಷ್ಟು ತೂತು ಕಂಡಿತು. ನೀರು ಇಳಿಯಲೆಂದು ಕೊರೆದದ್ದು. ಜಯಮ್ಮ ಸೆರಗಿನಿಂದ ಅದರ ಅಂಚನ್ನು ಒರೆಸಿದರು, ಮತ್ತೆ ಒರೆಸಿದರು.

ವ್ಯವಸ್ಥಾಪಕನ ಮುಖ ಬಾಡಿತು. "ನಾನೇ ಕೊರೆಸಿದ್ದಮ್ಮ. ತೇಪೆ ಹಾಕ್ಸಿ, ಕಲಾಯಿ ಮಾಡ್ಸಿ ಕೊಡ್ತೀನಿ."

"ಮಾಡ್ಸಿದ್ರೆ ಸಾಲ್ದು, ಹೊತ್ಕೊಂಡೂ ಬರ್ಬೇಕು. ಮದ್ವೆ ದಿನ ಬಡ್ಸಕ್ಕೂ ಬಾ ಮಾರಾಯ. ಇದ್ರಲ್ಲಿ ಯಾರ್ಯಾರು ಉಣ್ತಾರೆ ಅಂತ ಒಂದ್ಸಲ ನೋಡ್ಬುಡು. ಆಮೇಲೆ ನೀನು ಯಾವ್ದಕ್ಕೂ ತೂತು ಹಾಕಲ್ಲ."

ತೇಪೆಗೆ ಒಯ್ಯಲೆಂದು ಕೊಪ್ಪರಿಗೆಯ ಬಳೆಗಳಿಗೆ ಬಿದಿರು ತೂರಿಸಿ, ಒಂದು ತುದಿಯನ್ನು ಅವನೂ ಇನ್ನೊಂದನ್ನು ನಾನೂ ಹೊತ್ತೆವು. ಸಮಿತಿಯನ್ನು ಕೇಳಬೇಕಾದ ಪ್ರಶ್ನೆ ಹಾಗೆಯೇ ಉಳಿದಿತ್ತು; ಅದನ್ನು ಊರಿನ ಮುಂದೆಯೇ ಕೇಳುವೆನೆಂದು ಜಯಮ್ಮನವರಿಗೆ ಮಾತು ಕೊಟ್ಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಗೇಟು ತೆರೆದೇ ಇತ್ತು. ಅದನ್ನು ಮುಚ್ಚಬೇಕಾದವನು ನಮ್ಮೊಡನೆ ಹೆಗಲು ಕೊಟ್ಟು ಇಳಿಯುತ್ತಿದ್ದ.